ಖಾಲಿ ಕ್ಯಾಪ್ಸೂಲುಗಳನ್ನು ಮತ್ತೆ ಮುಚ್ಚಿದವರು

ಕಿಟಕಿಯ ಕಟ್ಟೆಯ ಮೇಲೆ ಕ್ಯಾಪ್ಸೂಲುಗಳು ಒಂದರ ಪಕ್ಕ ಒಂದು ಮಲಗಿದ್ದವು. ತಿಳಿನೀಲಿ ಟೊಪ್ಪಿಗೆ, ಕೆನೆಬಣ್ಣದ ಮೈ. ಎಲ್ಲವೂ ಮುಚ್ಚಿದ್ದವು, ಒಳಗೆ ಮಾತ್ರ ಏನೂ ಇರಲಿಲ್ಲ. ಫ್ಯಾನು ಈ ಕಡೆ ತಿರುಗಿದಾಗ ಅವೆಲ್ಲ ಒಟ್ಟಿಗೆ ಸ್ವಲ್ಪ ಉರುಳಿ ಕಿಟಕಿಯ ಸರಳಿಗೆ ತಾಗುತ್ತಿದ್ದವು. ಒಂದನ್ನು ಎತ್ತಿ ಬೆಳಕಿಗೆ ಹಿಡಿದೆ. ಅದನ್ನು ಬಿಚ್ಚಿ, ಒಳಗಿನದನ್ನು ಸುರಿದುಕೊಂಡು, ಆಮೇಲೆ ಎರಡು ಹೋಳುಗಳನ್ನೂ ಮತ್ತೆ ಒಂದರೊಳಗೊಂದು ಕೂಡಿಸಿದ್ದರು. ಟೊಪ್ಪಿಗೆ ಸ್ವಲ್ಪ ಸೊಟ್ಟಗೆ ಕೂತಿತ್ತು. ಒಂದೇ ಕೈಯಲ್ಲಿ ಮಾಡಿದ ಕೆಲಸವೆಂದು ನೋಡಿದರೆ ತಿಳಿಯುತ್ತಿತ್ತು.

ಅದು ಮಸ್ಕಿಯಲ್ಲಿ, ನನಗೆ ಔಷಧಶಾಸ್ತ್ರ ಕಲಿಸಿದ ಮೇಡಂ ಅವರ ಮನೆ. ಒಂದು ಭಾನುವಾರ ಅವರನ್ನು ನೋಡಲು ಹೋಗಿದ್ದೆ. ಕಿಟಕಿಗೆ ಹೊಂದಿಸಿ ಹಾಕಿದ ಮಂಚದ ಮೇಲೆ ಅವರು ದಿಂಬಿಗೆ ಒರಗಿ ಕುಳಿತಿದ್ದರು. ಹೃದಯದ ಬಡಿತ ತಾಳ ತಪ್ಪಿ, ಅಲ್ಲಿ ಕಟ್ಟಿದ ರಕ್ತದ ಹೆಪ್ಪು ಮಿದುಳಿಗೆ ಹೋಗಿ, ಪಾರ್ಶ್ವವಾಯುವಾಗಿ ಕೆಲವು ತಿಂಗಳುಗಳಾಗಿದ್ದವು. ಬಲಗೈ ಮಡಿಲಲ್ಲಿ ಬಿದ್ದಿತ್ತು. ಹೇಳಿದ್ದೆಲ್ಲ ಅವರಿಗೆ ತಿಳಿಯುತ್ತಿತ್ತು, ಆದರೆ ಬಾಯಿಂದ ಹೊರಡುತ್ತಿದ್ದದ್ದು "ಹಾಂ" ಎಂಬುದೊಂದೇ. ಇಪ್ಪತ್ತೈದು ವರ್ಷ ತರಗತಿಯಲ್ಲಿ ಮಾತಾಡಿದವರ ಬಾಯಿಂದ ಅದನ್ನು ಕೇಳುವುದು ನನಗೆ ಕಷ್ಟವಾಗಿತ್ತು. ನನಗೆ ಮೊದಲೇ ಮಾತು ಕಡಿಮೆ. ಹಾಗಾಗಿ ಕಿಟಕಿಯ ಕಡೆ ನೋಡುತ್ತ ಕುಳಿತಿದ್ದೆ. ಇಲ್ಲವಾಗಿದ್ದರೆ ಆ ಕ್ಯಾಪ್ಸೂಲುಗಳನ್ನು ಗಮನಿಸುತ್ತಿರಲಿಲ್ಲವೇನೋ.

ಮೇಡಂ ಈಗಿಲ್ಲ. ಆ ಭಾನುವಾರದ ನಂತರ ಸುಮಾರು ಒಂದೂವರೆ ವರ್ಷ ಬದುಕಿದ್ದು ಇತ್ತೀಚೆಗೆ ತೀರಿಕೊಂಡರು. ಕಾಲೇಜಿನ ಸಂತಾಪ ಸಭೆಯಲ್ಲಿ ಅವರ ಸೇವೆ, ಶಿಸ್ತು, ಸರಳತೆ ಎಂದೆಲ್ಲ ಮಾತಾಡಿದರು. ಅದು ಸುಳ್ಳಲ್ಲ, ಆದರೆ ಅದರಲ್ಲಿ ಅವರು ಇರಲಿಲ್ಲ. ನನಗೆ ಗೊತ್ತಿರುವಷ್ಟನ್ನು ಬರೆಯುತ್ತಿದ್ದೇನೆ. ಹೆಸರು ಹಾಕಿಲ್ಲ. ಉತ್ತರ ಪತ್ರಿಕೆಯ ಮೇಲೆ ಹೆಸರು ನೋಡದೆ ಅಂಕ ಹಾಕುತ್ತಿದ್ದವರು ಅವರು. ಹೆಸರಿಲ್ಲದೆ ಬರೆಸಿಕೊಳ್ಳುವುದಕ್ಕೆ ಬೇಸರಪಡುವುದಿಲ್ಲ.

ಅವರು ಮಸ್ಕಿಯಿಂದ ಸಿಂಧನೂರಿಗೆ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಕೈಯಲ್ಲಿ ಒಂದು ಬಟ್ಟೆಯ ಚೀಲ, ಅದರೊಳಗೆ ಊಟದ ಡಬ್ಬಿ ಮತ್ತು ಕನ್ನಡಕದ ಪೆಟ್ಟಿಗೆ. ಪೆಟ್ಟಿಗೆಯಲ್ಲಿ ಕನ್ನಡಕ ಇರುತ್ತಿರಲಿಲ್ಲ. ಅದು ಯಾವಾಗಲೂ ಮೂಗಿನ ಮೇಲೆಯೇ ಇರುವುದರಿಂದ ಪೆಟ್ಟಿಗೆಯಲ್ಲಿ ಸುಣ್ಣದ ಬಳಪ ಇಟ್ಟುಕೊಳ್ಳುತ್ತಿದ್ದರು. ಆ ದಾರಿಯ ಕಂಡಕ್ಟರುಗಳಿಗೆಲ್ಲ ಅವರು ಗೊತ್ತು. ಯಾರಾದರೊಬ್ಬರು ಜೇಬಿನಿಂದ ಗುಳಿಗೆಯ ಪಟ್ಟಿ ತೆಗೆದು, ಇದನ್ನು ಊಟಕ್ಕೆ ಮೊದಲು ತಗೊಳ್ಳಬೇಕೋ ಆಮೇಲೋ ಎಂದು ಕೇಳಿಯೇ ಕೇಳುವರು. ಗೊತ್ತಿದ್ದರೂ ಮೇಡಂ ಅಲ್ಲಿಯೇ ಹೇಳುತ್ತಿರಲಿಲ್ಲ. "ನೋಡಿ ಹೇಳತೀನ್ರಿ, ನಾಳಿ ಮುಂಜಾನಿ" ಎನ್ನುವರು. ಮರುದಿನ ಮುಂಜಾನೆ ಬಸ್ಸು ಹತ್ತಿ ಟಿಕೆಟ್ ತೆಗೆಸುವ ಮೊದಲೇ ಉತ್ತರ ಹೇಳುವರು. ಒಬ್ಬ ಕಂಡಕ್ಟರು ತಮಾಷೆಗೆ, ನಿಮ್ಮ ಹತ್ತಿರ ಜ್ವರಕ್ಕೆ ಔಷಧ ಕೇಳಿದರೆ ನೀವು ಹೇಳುವುದರೊಳಗೆ ಜ್ವರವೇ ಇಳಿದಿರುತ್ತದೆ ಎಂದನಂತೆ. ಇಳಿದರೆ ಔಷಧವೇ ಬೇಡವಲ್ಲ, ಒಳ್ಳೆಯದಾಯಿತು ಎಂದರಂತೆ ಇವರು.

ಎಸ್ಟರ್ ಪಾಠ ಬಂದ ದಿನ ಅವರು ಹಲಗೆಯ ಮೇಲೆ ಮೊದಲು ಬರೆದದ್ದು ಅಣುವಿನ ರಚನೆಯನ್ನಲ್ಲ, ಕಾಲುವೆಯನ್ನು. ಉದ್ದಕ್ಕೆ ಎರಡು ಗೆರೆ, ಅಡ್ಡಕ್ಕೆ ಎರಡು ಗೇಟು, ಕೊನೆಗೆ ಒಂದು ಹೊಲ. ನಮ್ಮಲ್ಲಿ ಹೆಚ್ಚಿನವರು ಕಾಲುವೆ ನೀರಿನ ಮೇಲೆ ಭತ್ತ ಬೆಳೆಯುವ ಮನೆಗಳಿಂದ ಬಂದವರು. ಆರ್.ಎಚ್. ಕ್ಯಾಂಪಿನವರು, ಜವಳಗೇರಾ ಕಡೆಯವರು, ಗೊರೇಬಾಳದ ನಾನು. ಮೇಡಂ ನನ್ನ ಕಡೆ ಬಳಪ ತೋರಿಸಿದರು.

"ಗುಳಿಗಿ ನುಂಗಿದಿ. ನುಂಗಿದ್ದಷ್ಟೂ ರಕ್ತಕ್ಕ ಹೋತೇನು? ಗೊರೇಬಾಳದಾಕಿ, ನೀ ಹೇಳು. ಡ್ಯಾಮಿನಾಗ ಬಿಟ್ಟಷ್ಟೂ ನೀರು ನಿಮ್ಮ ಹೊಲಕ್ಕ ಬರ್ತೈತೇನು?"

ಇಲ್ಲ ಎಂದೆ. ಯಾಕೆ ಎಂದರು. ಮೇಲಿನವರು ತೆಗೆದುಕೊಂಡು ಬಿಟ್ಟಷ್ಟೇ ಬರುತ್ತದೆ ಎಂದೆ. ಅಷ್ಟೇ, ಇವತ್ತಿನ ಪಾಠ ಮುಗಿಯಿತು ಎಂದು ಬಳಪ ಕೆಳಗಿಟ್ಟು, ಹುಡುಗರು ನಕ್ಕ ಮೇಲೆ ಮತ್ತೆ ಎತ್ತಿಕೊಂಡರು.

ಮೊದಲನೆಯ ಗೇಟು ಕರುಳಿನ ಗೋಡೆ, ಎರಡನೆಯದು ಯಕೃತ್ತು. ಎರಡೂ ಕಡೆ ಎಸ್ಟರೇಸ್ ಎಂಬ ಕಿಣ್ವಗಳು ಕುಳಿತಿರುತ್ತವೆ. ಎಸ್ಟರ್ ಎಂದರೆ ಎರಡು ತುಂಡುಗಳನ್ನು ಕೂಡಿಸಿದ ಗಂಟು. ಆ ಗಂಟನ್ನು ಈ ಕಿಣ್ವಗಳು ನೀರಿನಿಂದ ಬಿಡಿಸುತ್ತವೆ. ಇದು ಮೇಡಂಗೆ ಬಹಳ ಪ್ರೀತಿಯ ಸಂಗತಿ. ಬೆಂಕಿಯಿಲ್ಲ, ಕತ್ತರಿಯಿಲ್ಲ, ಒಂದು ನೀರಿನ ಅಣುವನ್ನು ನಡುವೆ ತಂದಿಟ್ಟರೆ ಗಂಟು ಬಿಚ್ಚುತ್ತದೆ ಎಂದು ಹೇಳುವಾಗ ಬೆರಳ ತುದಿಗಳನ್ನು ಮೆಲ್ಲಗೆ ಬೇರೆ ಮಾಡಿ ತೋರಿಸುತ್ತಿದ್ದರು. ಕೆಲವು ಔಷಧಗಳು ಗಂಟು ಬಿಚ್ಚಿದ ಕೂಡಲೇ ಕೆಲಸಕ್ಕೆ ಬಾರದಂತಾಗುತ್ತವೆ. ಇನ್ನು ಕೆಲವು ಗಂಟು ಬಿಚ್ಚಿದ ಮೇಲೆಯೇ ಕೆಲಸಕ್ಕೆ ಬರುತ್ತವೆ. ರಕ್ತದೊತ್ತಡಕ್ಕೆ ಕೊಡುವ ಎನಾಲಾಪ್ರಿಲ್ ಅಂಥದ್ದು. ನುಂಗುವಾಗ ನಿದ್ದೆಯಲ್ಲಿರುತ್ತದೆ, ಯಕೃತ್ತು ಅದನ್ನು ಎಬ್ಬಿಸುತ್ತದೆ. ಇಂಥವಕ್ಕೆ ಪ್ರೋಡ್ರಗ್ ಎಂದು ಹೆಸರು. ಒಂದೇ ಕೈ ಒಂದನ್ನು ಕೊಲ್ಲುತ್ತದೆ, ಇನ್ನೊಂದನ್ನು ಎಬ್ಬಿಸುತ್ತದೆ, ಕೈಗೆ ಪುಣ್ಯವೂ ಇಲ್ಲ ಪಾಪವೂ ಇಲ್ಲ ಎನ್ನುತ್ತಿದ್ದರು.

ಕರುಳಿನ ಎಸ್ಟರೇಸಿಗೂ ಯಕೃತ್ತಿನ ಎಸ್ಟರೇಸಿಗೂ ವ್ಯತ್ಯಾಸವಿದೆ. ಎರಡೂ ಒಂದೇ ಕುಟುಂಬದವು, ಆದರೆ ಬಿಡಿಸುವ ಗಂಟುಗಳು ಬೇರೆ. ಇದನ್ನು ನಾವು ಪರೀಕ್ಷೆಯಲ್ಲಿ ಅದಲುಬದಲು ಮಾಡುತ್ತಿದ್ದೆವು. ಮೇಡಂ ಒಂದು ದಿನ ಬೇಸತ್ತು ಹೇಳಿದರು: "ಒಂದೇ ಮನಿಗೆ ಬಂದ ನೆಗೆಣ್ಣಿಯರು ಅಂತ ತಿಳ್ಕೋರಿ. ಒಬ್ಬಾಕಿ ರೊಟ್ಟಿ ಬಡೀತಾಳ, ಒಬ್ಬಾಕಿ ಪಲ್ಯೆ ಮಾಡತಾಳ. ಆಕಿ ಕೆಲಸಾ ಈಕಿ ಮುಟ್ಟಂಗಿಲ್ಲ." ಆಮೇಲೆ ಯಾರೂ ತಪ್ಪು ಬರೆಯಲಿಲ್ಲ. ಇಬ್ಬರು ನೆಗೆಣ್ಣಿಯರೂ ಕೈಹಾಕಲೇಬೇಕಾದ ಔಷಧಕ್ಕೆ ಅವರು ಕೊಡುತ್ತಿದ್ದ ಉದಾಹರಣೆ ಡಾಬಿಗಟ್ರಾನ್. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧ. ಅದಕ್ಕೆ ಎರಡು ಮುಚ್ಚಳ. ಒಂದನ್ನು ಮುಖ್ಯವಾಗಿ ಕರುಳು ತೆಗೆಯುತ್ತದೆ, ಇನ್ನೊಂದನ್ನು ಯಕೃತ್ತು. ಎರಡೂ ಹೋದ ಮೇಲೆಯೇ ಅದು ಎಚ್ಚರಾಗುತ್ತದೆ. ನುಂಗಿದ್ದರಲ್ಲಿ ಸ್ವಲ್ಪವೇ ಕೊನೆಯ ಹೊಲ ಮುಟ್ಟುತ್ತದೆ. ಆ ಸ್ವಲ್ಪವನ್ನು ಲೆಕ್ಕ ಹಾಕಿಯೇ ಕ್ಯಾಪ್ಸೂಲಿನಲ್ಲಿ ಅಷ್ಟು ತುಂಬಿರುತ್ತಾರೆ. ಕ್ಯಾಪ್ಸೂಲು ಬಿಚ್ಚಿ ಒಳಗಿನ ಹರಳುಗಳನ್ನು ಬಿಡಿಯಾಗಿ ಕೊಟ್ಟರೆ ಅಳತೆ ಮೀರಿ ಒಳಗೆ ಹೋಗುತ್ತದೆ, ರಕ್ತ ಎಲ್ಲೆಂದರಲ್ಲಿ ಸೋರತೊಡಗುತ್ತದೆ.

"ಗೇಟ್ ಒಡದು ನೀರು ಬಿಟ್ಟಂಗ" ಎಂದಿದ್ದರು. "ಬಿಚ್ಚೂದಕ್ಕ ಮೊದಲ ಒಂದ ಮಾತು ಕೇಳ್ರಿ. ಯಾಕ ಮುಚ್ಚ್ಯಾರ?"

ಈ ಮಾತನ್ನು ಅವರು ಎಲ್ಲದಕ್ಕೂ ಹೇಳುತ್ತಿದ್ದರು. ಪ್ರಯೋಗಾಲಯದ ಬಾಟಲಿಗೆ, ಪ್ರಾಂಶುಪಾಲರ ಕೋಣೆಯ ಬಾಗಿಲಿಗೆ, ಹಸಿದ ಹುಡುಗರು ಕದ್ದು ತೆರೆಯಲು ನೋಡುತ್ತಿದ್ದ ತಮ್ಮ ಊಟದ ಡಬ್ಬಿಗೆ ಕೂಡ. ಡಬ್ಬಿಯ ವಿಷಯದಲ್ಲಿ ಉತ್ತರವನ್ನೂ ಅವರೇ ಕೊಡುತ್ತಿದ್ದರು. ಒಳಗೆ ಹಾಗಲಕಾಯಿ ಇದೆ, ಅದಕ್ಕೆ.

ಸಿಟ್ಟು ಬಂದದ್ದು ಒಂದೇ ಸಲ ನೋಡಿದ್ದೇನೆ. ನಮ್ಮ ತರಗತಿಯ ಒಬ್ಬ ಹುಡುಗ ಮುಂಜಾನೆ ಭತ್ತಕ್ಕೆ ಔಷಧ ಹೊಡೆದು, ಹಾಗೆಯೇ ಅಂಗಿ ಬದಲಿಸಿ ಕಾಲೇಜಿಗೆ ಬಂದಿದ್ದ. ಬೆವರುತ್ತಿದ್ದ, ಪದೇ ಪದೇ ಉಗುಳು ನುಂಗುತ್ತಿದ್ದ. ಮೇಡಂ ಪಾಠ ಅರ್ಧಕ್ಕೆ ನಿಲ್ಲಿಸಿ, ಹತ್ತಿರ ಹೋಗಿ, ಅವನ ಗದ್ದ ಹಿಡಿದು ಕಣ್ಣು ನೋಡಿದರು. ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟಾಗಿತ್ತಂತೆ. ಕೂಡಲೇ ಅವನನ್ನು ಆಟೊದಲ್ಲಿ ಕೂಡಿಸಿಕೊಂಡು ದವಾಖಾನೆಗೆ ಹೋದರು. ಅವನು ಉಳಿದ. ಮರುದಿನ ಮುಂಜಾನೆ ಹಲಗೆಯ ಮೇಲೆ ಅದೇ ಕಾಲುವೆ, ಅದೇ ಎರಡು ಗೇಟು ಬರೆದು, ಆ ಕೀಟನಾಶಕ ನರಗಳ ಕಿಣ್ವವನ್ನು ಕಟ್ಟಿಹಾಕುತ್ತದೆ, ಅದರ ಜೊತೆಗೆ ಈ ಎಸ್ಟರೇಸುಗಳ ಕೈಯನ್ನೂ ಕಟ್ಟುತ್ತದೆ ಎಂದು ತೋರಿಸಿದರು. "ನಿಮ್ಮ ಕಾವಲುಗಾರರನ್ನ ನೀವ ಕಟ್ಟಿ ಬಂದು ನನ್ನ ಮುಂದ ಕುಂಡ್ರಬ್ಯಾಡ್ರಿ. ಜಳಕಾ ಮಾಡಿ ಬರ್ರಿ. ಪಾಠ ತಡಾ ಆದ್ರೂ ಚಿಂತಿಲ್ಲ." ಅಂದು ದನಿ ನಡುಗುತ್ತಿತ್ತು. ಸಿಟ್ಟು ಅಲ್ಲವೇನೋ ಅದು.

ಇನ್ನೊಂದು ಪ್ರಯೋಗ ಹೇಳಬೇಕು. ಪ್ರತಿ ವರ್ಷ ಹೊಸ ತರಗತಿಗೆ ಅವರು ಕ್ಯಾಪ್ಸೂಲಿನ ಎರಡು ಖಾಲಿ ಕವಚಗಳನ್ನು ಇಕ್ಕಳದಲ್ಲಿ ಹಿಡಿದು ಸುಟ್ಟು ತೋರಿಸುತ್ತಿದ್ದರು. ಒಂದು ಜಿಲೆಟಿನ್ನಿನದು, ದನಗಳ ಎಲುಬು ತೊಗಲಿನಿಂದ ಮಾಡಿದ್ದು. ಸುಟ್ಟರೆ ಕೂದಲು ಸುಟ್ಟ ವಾಸನೆ. ಇನ್ನೊಂದು ಗಿಡದ ನಾರಿನಿಂದ ಮಾಡಿದ್ದು. ಅದು ಕಾಗದ ಸುಟ್ಟಂತೆ ಉರಿದುಹೋಗುತ್ತದೆ. ಯಾಕೆ ಇದನ್ನು ತೋರಿಸುತ್ತೀರಿ, ಪರೀಕ್ಷೆಯಲ್ಲಿ ಬರುವುದಿಲ್ಲವಲ್ಲ ಎಂದು ಯಾರೋ ಕೇಳಿದ್ದಕ್ಕೆ, "ಪರೀಕ್ಷಾದಾಗ ಬರಂಗಿಲ್ಲ, ಮನ್ಯಾಗ ಬರ್ತೈತಿ" ಎಂದು ತಮ್ಮ ಮನೆಯ ಕಥೆ ಹೇಳಿದ್ದರು.

ಅವರದು ಲಿಂಗಪೂಜೆಯಾಗದೆ ನೀರು ಕುಡಿಯದ ಮನೆತನ. ಯಜಮಾನರದು ಮಸ್ಕಿ ಬಜಾರಿನಲ್ಲಿ ಕಿರಾಣಿ ಅಂಗಡಿ. ಮದುವೆಯಾದ ಹೊಸದರಲ್ಲಿ ಅತ್ತೆಗೆ ಜ್ವರ ಬಂದು ಡಾಕ್ಟರು ಕ್ಯಾಪ್ಸೂಲು ಕೊಟ್ಟಿದ್ದರು. ಅತ್ತೆ ಅದನ್ನು ಅಂಗೈಯಲ್ಲಿ ಹೊರಳಿಸಿ, ಈ ಪ್ಲಾಸ್ಟಿಕ್ ಯಾತರಲೆ ಮಾಡ್ಯಾರ ಎಂದು ಓದಿದ ಸೊಸೆಯನ್ನು ಕೇಳಿದರು. ಸೊಸೆ ಇದ್ದದ್ದನ್ನು ಹೇಳಿದರು. ಅತ್ತೆ ಕೈ ತೊಳೆದುಕೊಂಡರು. ಗಂಡ ಸಿಟ್ಟಾದರು, ಗೊತ್ತಿಲ್ಲ ಅಂದಿದ್ದರೆ ಏನಾಗುತ್ತಿತ್ತು ಎಂದರು. ಮೇಡಂ ಆ ಔಷಧವನ್ನು ಬಿಚ್ಚಿ ಕೊಟ್ಟರೆ ತೊಂದರೆಯಿಲ್ಲವೆಂದು ನೋಡಿಕೊಂಡು, ತಾವೇ ಬಿಚ್ಚಿ, ಜೇನಿನಲ್ಲಿ ಕಲೆಸಿ ಕೊಟ್ಟರು. ಅಂದಿನಿಂದ ಆ ಮನೆಗೆ ಬಂದ ಯಾವ ಕ್ಯಾಪ್ಸೂಲೂ ಮುಚ್ಚಿದ ಹಾಗೆ ಒಳಗೆ ಹೋದದ್ದಿಲ್ಲ. ಪ್ರತಿ ಸಲವೂ ಅತ್ತೆ ಕೇಳುವುದು, ಸೊಸೆ ನೋಡಿ ಹೇಳುವುದು. ಇದನ್ನು ಬಿಚ್ಚಬಹುದು, ಇದನ್ನು ಬಿಚ್ಚಬಾರದು, ಇದರ ಬದಲು ಮಾತ್ರೆ ತರಿಸೋಣ.

ಮೌಖಿಕ ಪರೀಕ್ಷೆಯಲ್ಲಿ ನಾನು ಅವರ ಎದುರು ಕುಳಿತ ದಿನ ಕೇಳಿದ್ದೂ ಡಾಬಿಗಟ್ರಾನ್ ಬಗ್ಗೆಯೇ. ನನಗೆ ಎಲ್ಲ ಗೊತ್ತಿತ್ತು. ಎರಡು ಶಬ್ದದಲ್ಲಿ ಉತ್ತರ ಹೇಳಿ ಸುಮ್ಮನಾದೆ. ಅವರು ತೋರುಬೆರಳನ್ನು ಸ್ವಲ್ಪ ಎತ್ತಿದರು. ಮುಂದೆ ಹೇಳು ಎಂಬುದಕ್ಕೆ ಅವರ ಗುರುತು ಅದು. ನಾನು ಹೇಳಲಿಲ್ಲ. ಹೊರಗಿನ ಪರೀಕ್ಷಕರು ಗಡಿಯಾರ ನೋಡಿದರು.

"ಈಕಿನೂ ಒಂದು ಪ್ರೋಡ್ರಗ್‌ರೀ" ಎಂದು ಮೇಡಂ ಆ ಪರೀಕ್ಷಕರಿಗೆ ಹೇಳಿದರು. "ಒಳಗ ಎಲ್ಲಾ ಐತಿ. ಯಾರ ಬಿಡಸ್ತಾರೋ ಗೊತ್ತಿಲ್ಲ."

ಆಮೇಲೆ ಎರಡು ಬೆರಳುಗಳನ್ನು ಬಾಗಿಲಿನ ಕಡೆ ಚಿಮ್ಮಿದರು. ಮುಂದಿನವರನ್ನು ಕಳಿಸು ಎಂದು ಅರ್ಥ. ಅಂಕ ಚೆನ್ನಾಗಿಯೇ ಬಂದಿದ್ದವು. ಮುಂದೆ ನಾನೂ ಓದು ಮುಗಿಸಿ, ಅವರು ನಿವೃತ್ತರಾದ ಮೇಲೆ ಅದೇ ಕಾಲೇಜಿನಲ್ಲಿ ಅದೇ ಪಾಠ ಮಾಡಲು ನಿಂತೆ.

ಆ ಭಾನುವಾರ ಕ್ಯಾಪ್ಸೂಲನ್ನು ಬೆಳಕಿಗೆ ಹಿಡಿದು ನಾನು ನೋಡುತ್ತಿದ್ದಾಗ ಮೇಡಂ ಅವರ ಅತ್ತೆ ಒಳಗಿನಿಂದ ಚಹಾ ತಂದರು. ಎಂಬತ್ತು ದಾಟಿದ, ಹಣೆಯ ತುಂಬ ವಿಭೂತಿಯ, ನೆಟ್ಟಗೆ ನಡೆಯುವ ಅಜ್ಜಿ. ಸೊಸೆಯ ಊಟ, ಜಳಕ, ಔಷಧ ಎಲ್ಲ ಅವರ ಕೈಯಲ್ಲೇ. ಬೇರೆಯವರಿಗೆ ಬಿಡುತ್ತಿರಲಿಲ್ಲ.

"ಸಣ್ಣ ಹುಡುಗರಂಗ ಆಗ್ಯಾಳವ್ವಾ" ಎಂದರು ನನ್ನ ಕೈಯಲ್ಲಿದ್ದದ್ದನ್ನು ನೋಡಿ. "ನಾ ಬಿಚ್ಚಿ ಇಟ್ಟಿದ್ದನ್ನ ಇಸಗೊಂಡು ಮುಚ್ಚತಾಳ. ಮುಚ್ಚಿ ನನಗ ತೋರಸ್ತಾಳ. ಭಾಳ ಚೊಲೋ ಆತು ಅಂತೀನಿ. ಒಗಿಯಾಕ ಹೋದ್ರ ಸಿಟ್ಟು ಮಾಡತಾಳ, ಅದಕ್ಕ ಕಟ್ಟಿ ಮ್ಯಾಲ ಇಟ್ಟೀನಿ."

ನಾನು ಮೇಡಂ ಕಡೆ ನೋಡಿದೆ. ಅವರು ನನ್ನನ್ನೇ ನೋಡುತ್ತಿದ್ದರು. ಎಡಗೈಯ ತೋರುಬೆರಳು ಹಾಸಿಗೆಯ ಮೇಲಿನಿಂದ ಸ್ವಲ್ಪ ಎದ್ದಿತ್ತು.

ಔಷಧದ ಪಟ್ಟಿ ತೋರಿಸಿರೆಂದು ಕೇಳಿದೆ. ಡಾಬಿಗಟ್ರಾನ್. ದಿನಕ್ಕೆರಡು. ಆಸ್ಪತ್ರೆಯಲ್ಲಿದ್ದಾಗ ನರ್ಸುಗಳು ಇಡಿಯಾಗಿಯೇ ನುಂಗಿಸುತ್ತಿದ್ದರಂತೆ. ಮನೆಗೆ ಬಂದ ಮೇಲೆ ಅಜ್ಜಿ ತಮ್ಮ ಪದ್ಧತಿಯಂತೆ ಬಿಚ್ಚಿ, ಒಳಗಿನದು ಕಾಳು ಕಾಳಾಗಿರುವುದರಿಂದ ಚಮಚದ ಬೆನ್ನಿನಿಂದ ಅರೆದು, ಜೇನಿನಲ್ಲಿ ಕಲೆಸಿ ಕೊಡುತ್ತಿದ್ದರು. ಮೇಡಂ ಮೊದಮೊದಲು ಬಾಯಿ ಬಿಗಿಹಿಡಿಯುತ್ತಿದ್ದರಂತೆ. ರೋಗಿಷ್ಠರು ಹಾಗೆಯೇ ಎಂದು ಅಜ್ಜಿ ಗಲ್ಲ ಸವರಿ, ರಮಿಸಿ, ಕೊಟ್ಟೇ ಬಿಡುತ್ತಿದ್ದರು.

ಮೇಡಂ ತೋಳನ್ನು ನೋಡಿದೆ. ಮೊಳಕೈಯ ಮೇಲೆ ನೇರಳೆ ಬಣ್ಣದ ಕಲೆಗಳಿದ್ದವು. ಎತ್ತಿ ಕೂಡಿಸುವಾಗ ತನ್ನ ಬಳೆ ಒತ್ತಿರಬೇಕು ಎಂದರು ಅಜ್ಜಿ. ಹಲ್ಲುಜ್ಜಿದರೆ ರಕ್ತ ಬರುತ್ತಿದೆಯೇ ಎಂದು ಕೇಳಿದೆ. ಬರುತ್ತಿತ್ತು. ದಿಂಬಿನ ಚೀಲದ ಮೇಲೂ ಒಂದೆರಡು ಹನಿ ಒಣಗಿತ್ತು.

ಅಷ್ಟರಲ್ಲಿ ಅಜ್ಜಿ ಜೇನಿನ ಬಾಟಲಿ ತಂದರು. ಸಂಜೆಯ ಔಷಧದ ಹೊತ್ತು. ಪಟ್ಟಿಯಿಂದ ಒಂದು ಕ್ಯಾಪ್ಸೂಲು ತೆಗೆದು ಎರಡೂ ಕೈಯ ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದರು. ಹಿರಿಯರ ಕೈ ಹಿಡಿದು ತಡೆಯುವ ಅಭ್ಯಾಸ ನನಗಿಲ್ಲ. ಅಂದು ಹಿಡಿದೆ.

"ಬ್ಯಾಡ್ರಿ ಅಮ್ಮಾ. ಇದನ್ನ ಬಿಚ್ಚಬಾರದು."

ಯಾಕೆ ಎಂದು ಅವರು ಕೇಳಿದರು. ಹೇಳಿದೆ. ಒಳಗಿನದನ್ನು ಬಿಡಿಯಾಗಿ ಕೊಟ್ಟರೆ ಔಷಧ ಅಳತೆ ಮೀರುತ್ತದೆ, ಈ ಕಲೆ, ಈ ರಕ್ತ ಅದರದ್ದೇ ಇರಬೇಕು, ಒಳಗೆ ಎಲ್ಲಾದರೂ ಸೋರಿದರೆ ಜೀವಕ್ಕೆ ಅಪಾಯ. ಕಾಲುವೆಯ ಗೇಟು ಎಂದಾಗ ಅವರಿಗೆ ಪಟಕ್ಕನೆ ತಿಳಿಯಿತು. ಕ್ಯಾಪ್ಸೂಲು ಹಿಡಿದ ಕೈ ಹಾಗೆಯೇ ನಿಂತಿತು. ಕ್ಯಾಪ್ಸೂಲನ್ನು ಮೆಲ್ಲಗೆ ಜೇನಿನ ಬಾಟಲಿಯ ಪಕ್ಕ ಇಟ್ಟರು.

"ಎಂಥಾ ಗುಳಿಗಿ ಇರಲಿ, ಆಕಿನ್ನ ಕೇಳಿ ಬಿಚ್ಚತಿದ್ದೆ" ಎಂದರು ಆಮೇಲೆ. "ಈಗ ಕೇಳೂದು ಯಾರನ್ನ?"

ಅಲ್ಲಿಯೇ ಇತ್ತು ಎಲ್ಲ. ಆ ಮನೆಯ ಪದ್ಧತಿಯಲ್ಲಿ ಎರಡು ಭಾಗ ಇದ್ದವು, ಕೇಳುವುದು ಮತ್ತು ಬಿಚ್ಚುವುದು. ಮೊದಲನೆಯದು ಮೇಡಂ ಮಾತಿನ ಜೊತೆಗೆ ಹೋಗಿತ್ತು. ಎರಡನೆಯದು ಕೈಗಳಲ್ಲಿ ಉಳಿದಿತ್ತು. ಕೇಳದಿದ್ದರೂ ಮೇಡಂ ದಿನಾ ಎರಡು ಹೊತ್ತು ಉತ್ತರ ಕೊಟ್ಟಿದ್ದರು. ಮುಚ್ಚಿ ತೋರಿಸಿದ್ದರು.

ಮೇಡಂ ಅವರನ್ನು ನೋಡುತ್ತಿದ್ದ ಲಿಂಗಸುಗೂರಿನ ಡಾಕ್ಟರಿಗೆ ಫೋನು ಮಾಡಿದೆ. ಬಿಚ್ಚಿ ಕೊಡುತ್ತಿದ್ದಾರೆ ಎಂದ ಕೂಡಲೇ, ಇವತ್ತು ಸಂಜೆಯದನ್ನು ಕೊಡಬೇಡಿ, ಈಗಲೇ ಕರೆತನ್ನಿ, ರಕ್ತ ನೋಡಬೇಕು ಎಂದರು. ಮೇಡಂ ಯಜಮಾನರು ಅಂಗಡಿಯಿಂದ ಬಂದು, ವಿಷಯ ಕೇಳಿ, ಬಾಡಿಗೆ ಕಾರು ಹೇಳಲು ಹೋದರು. ಹೋಗುವಾಗ ತಾಯಿಗೆ, ಇನ್ನು ಮೇಲೆ ಇಡಿಯಾಗಿಯೇ ನುಂಗಿಸು ಎಂದರು.

ಅಜ್ಜಿ ತಲೆಯಲ್ಲಾಡಿಸಿದರು. ಸಿಟ್ಟಿನಿಂದಲ್ಲ. ಅವರಿಗೆ ನಿಜವಾಗಿಯೂ ದಾರಿ ಕಾಣುತ್ತಿರಲಿಲ್ಲ.

"ಲಿಂಗ ಕಟ್ಟಿದ ಕೊಳ್ಳಾಗ ಎಲುವಿನ ಸಾಮಾನು ಹೆಂಗ ಇಳಸಲಿ? ಆಕಿಗೆ ಮಾತಿಲ್ಲ ಅಂತ ನಾ ಮಾಡಬಹುದು. ಆಕಿ ಅವತ್ತ ನನಗ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಈಗ ನಾ ಆಕಿಗೆ ಮೋಸ ಮಾಡಲೇನು?"

ಈ ಔಷಧದ ಕವಚ ಗಿಡದ ನಾರಿನದು, ಎಲುಬಿನದಲ್ಲ ಎಂದು ನನಗೆ ಗೊತ್ತಿತ್ತು, ಹೇಳಿದೆ. ಪಟ್ಟಿಯ ಜೊತೆಗಿದ್ದ ಕಾಗದದಲ್ಲಿ ಅದು ಅಚ್ಚಾಗಿದ್ದನ್ನೂ ತೋರಿಸಿದೆ. ಹಾಳೆಯ ಮೇಲೆ ಏನು ಬೇಕಾದರೂ ಬರೆಯುತ್ತಾರೆ ಎಂದರು ಅವರು. ಅಂಗಡಿ ನಡೆಸಿದ ಮನೆಯವರು, ಅವರಿಗೆ ಚೀಟಿಗಳ ಮೇಲೆ ನಂಬಿಕೆಯಿರಲಿಲ್ಲ.

ಆಗ ನನಗೆ ಇಕ್ಕಳ ನೆನಪಾಯಿತು. ಮನೆಯಲ್ಲಿ ಬೇರೆ ಯಾವುದಾದರೂ ಕ್ಯಾಪ್ಸೂಲು ಇದೆಯೇ ಎಂದು ಕೇಳಿದೆ. ಯಜಮಾನರಿಗೆ ಹಿಂದೆ ಯಾವಾಗಲೋ ಬರೆದುಕೊಟ್ಟಿದ್ದ, ಕೆಂಪು ಕವಚದ್ದೊಂದು ಉಳಿದಿತ್ತು. ಒಲೆಯ ಕಡೆ ನಡೆದೆ. "ನನ್ನ ಒಲಿ ಮ್ಯಾಲ ಬ್ಯಾಡ" ಎಂದರು ಅಜ್ಜಿ. ಕಿಟಕಿಯ ಹೊರಗೆ ಹಿತ್ತಲಿನ ಕಲ್ಲಿನ ಮೇಲೆ ಒಂದು ಮೇಣದಬತ್ತಿ ಹಚ್ಚಿದೆವು. ಮೇಡಂ ಒಳಗಿನಿಂದ ಸರಳು ಹಿಡಿದು ನೋಡುತ್ತಿದ್ದರು.

ಮೊದಲು ಕೆಂಪು ಕವಚವನ್ನು ಖಾಲಿ ಮಾಡಿ ಬೆಂಕಿಗೆ ಹಿಡಿದೆ. ಅದು ಮುದುಡಿ, ಉಬ್ಬಿ, ಕರಿಯಾಯಿತು. ಕೂದಲು ಸುಟ್ಟ ವಾಸನೆ ಹಿತ್ತಲಿಗೆಲ್ಲ ಹರಡಿತು. ಅಜ್ಜಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದರು. ಆ ವಾಸನೆ ಹೋಗುವವರೆಗೆ ಕಾದೆ. ಮೇಡಂ ತರಗತಿಯಲ್ಲಿ ಹಾಗೆಯೇ ಕಾಯುತ್ತಿದ್ದರು. ಆಮೇಲೆ ಕಟ್ಟೆಯ ಮೇಲಿನಿಂದ ಒಂದು ನೀಲಿ ಕ್ಯಾಪ್ಸೂಲನ್ನು ಸರಳಿನ ನಡುವೆ ಕೈಹಾಕಿ ತೆಗೆದುಕೊಳ್ಳಲು ಹೋದೆ. ಮೇಡಂ ತಾವೇ ಒಂದನ್ನು ಎತ್ತಿ, ಎಡಗೈಯಿಂದ ನನ್ನ ಅಂಗೈಯಲ್ಲಿಟ್ಟರು. ಅದು ಬೆಂಕಿ ತಾಗಿದ ಕೂಡಲೇ ಉರಿದು, ತೆಳುವಾದ ಬೂದಿಯಾಯಿತು. ಹಳೆಯ ಕಾಗದ ಸುಟ್ಟಂಥ ವಾಸನೆ, ಅಷ್ಟೇ.

ಅಜ್ಜಿ ಹತ್ತಿರ ಬಂದು ಮೂಸಿದರು. ಇನ್ನೊಂದು ಸುಡು ಎಂದರು. ಸುಟ್ಟೆ. ಮತ್ತೆ ಮೂಸಿದರು. ಕಿಟಕಿಯ ಕಡೆ ತಿರುಗಿ ಸೊಸೆಯನ್ನು ನೋಡಿದರು.

"ಖರೇನೇನು?"

ಮೇಡಂ "ಹಾಂ" ಎಂದರು. ಮುಖದ ಅರ್ಧ ಭಾಗ ನಕ್ಕಿತು.

ಅಜ್ಜಿ ಕಲ್ಲಿನ ಮೇಲೆ ಕುಳಿತುಬಿಟ್ಟರು. ನನ್ನ ಕೈಯಾರೆ ಇಷ್ಟು ದಿನ ಏನು ಕೊಟ್ಟೆನೋ ಎಂದು ಮೆಲ್ಲಗೆ ಹೇಳಿಕೊಂಡರು. ಸಮಾಧಾನ ಹೇಳಲು ನನಗೆ ಬರುವುದಿಲ್ಲ. ಮೇಡಂ ಸರಳಿನೊಳಗಿಂದ ಕೈಚಾಚಿ ಅವರ ಸೆರಗಿನ ತುದಿಯನ್ನು ಜಗ್ಗಿದರು. ಅಜ್ಜಿ ತಿರುಗಿದರೆ, ಕಾರಿನ ಸದ್ದು ಬಂದ ಕಡೆ ಕೈ ತೋರಿಸಿದರು. ಎದ್ದೇಳು, ಹೊತ್ತಾಗುತ್ತಿದೆ ಎಂದು.

ಲಿಂಗಸುಗೂರಿನಲ್ಲಿ ರಕ್ತ ನೋಡಿದರು. ರಕ್ತ ಸ್ವಲ್ಪ ಕಡಿಮೆಯಾಗಿತ್ತು. ಮೂತ್ರಪಿಂಡ ಚೆನ್ನಾಗಿತ್ತು, ಒಳಗೆಲ್ಲೂ ಸೋರಿದ ಗುರುತಿರಲಿಲ್ಲ. ಬೇರೆ ಔಷಧಗಳೂ ಇವೆ, ಆದರೆ ಇದನ್ನೇ ಸರಿಯಾಗಿ ಕೊಟ್ಟರೆ ಸಾಕು, ನಾಳೆ ಬೆಳಿಗ್ಗೆಯಿಂದ ಇಡಿಯಾಗಿ ಶುರು ಮಾಡಿ ಎಂದರು ಡಾಕ್ಟರು. ಇನ್ನೂ ಕೆಲವು ವಾರ ಹೀಗೆಯೇ ನಡೆದಿದ್ದರೆ ಎಂದು ಯಜಮಾನರು ಕೇಳಿದಾಗ ಅವರು ಚೀಟಿಯ ಮೇಲೆ ಬಿಚ್ಚಬಾರದು ಎಂದು ಬರೆದು ಅದರ ಕೆಳಗೆ ಎರಡು ಗೆರೆ ಎಳೆದರು. ಮೇಡಂ ಅವರನ್ನು ಮಸ್ಕಿಯಲ್ಲಿ ಇಳಿಸಿದ ಮೇಲೆ ನಾನು ಸಿಂಧನೂರಿನ ಬಸ್ಸು ಹಿಡಿದೆ.

ಮರುದಿನ ಮುಂಜಾನೆ ಕಾಲೇಜಿಗೆ ಮೊದಲು ಮತ್ತೆ ಮಸ್ಕಿಗೆ ಹೋದೆ. ಅಜ್ಜಿಯ ಪೂಜೆ ಅದೇ ಆಗ ಮುಗಿದಿತ್ತು. ಮೇಡಂ ಹಣೆಗೂ ವಿಭೂತಿ ಹಚ್ಚಿದ್ದರು. ಒಂದು ಲೋಟ ನೀರು, ತಟ್ಟೆಯಲ್ಲಿ ಒಂದು ಕ್ಯಾಪ್ಸೂಲು. ನೋಡಾಕ ಬಂದಿಯೇನು, ನನ್ನ ಮ್ಯಾಲ ನಂಬಿಕಿಲ್ಲೇನು ಎಂದು ಅಜ್ಜಿ ಕೇಳಿದರು. ನಕ್ಕೆ.

ಅಜ್ಜಿ ಕ್ಯಾಪ್ಸೂಲನ್ನು ಸೊಸೆಯ ಎಡ ಅಂಗೈಯಲ್ಲಿಟ್ಟರು. ಮೇಡಂ ಅದನ್ನು ಬಾಯಿಗೆ ಹಾಕಿಕೊಳ್ಳಲಿಲ್ಲ. ನನ್ನ ಕಡೆ ಹಿಡಿದು, ಹೆಬ್ಬೆರಳಿನಿಂದ ಅದನ್ನು ಒತ್ತಿಕೊಂಡು, ತೋರುಬೆರಳನ್ನು ಸ್ವಲ್ಪ ಎತ್ತಿದರು.

ಮಂಚದ ಪಕ್ಕದ ಸ್ಟೂಲಿನ ಮೇಲೆ ಕುಳಿತು ನಾನು ಹೇಳತೊಡಗಿದೆ. ಮೊದಲನೆಯ ಮುಚ್ಚಳ, ಕರುಳು, ಅಲ್ಲಿನ ಎಸ್ಟರೇಸ್. ಎರಡನೆಯ ಮುಚ್ಚಳ, ಯಕೃತ್ತು, ಅಲ್ಲಿನದು. ಯಾವುದು ಯಾವ ಗಂಟನ್ನು ಬಿಡಿಸುತ್ತದೆ, ಯಾವುದು ಬಿಡಿಸುವುದಿಲ್ಲ. ಒಳಗಿನ ಪ್ರತಿ ಹರಳಿನ ನಡುವೆ ಹುಳಿ ಯಾತಕ್ಕೆ ಇಟ್ಟಿದ್ದಾರೆ, ಔಷಧ ಕರಗಲು ಅದು ಹೇಗೆ ನೆರವಾಗುತ್ತದೆ. ನಿಂತಲ್ಲೆಲ್ಲ ಬೆರಳು ಮತ್ತೆ ಏಳುತ್ತಿತ್ತು, ನಾನು ಮುಂದುವರಿಯುತ್ತಿದ್ದೆ. ಅಜ್ಜಿ ನೀರಿನ ಲೋಟ ಹಿಡಿದು, ಪುರಾಣ ಕೇಳುವವರ ಹಾಗೆ ನಿಂತಿದ್ದರು. ಯಾಕೆ ಮುಚ್ಚಿದ್ದಾರೆ ಎಂಬಲ್ಲಿಗೆ ಬಂದು ಮುಗಿಸಿದೆ.

ಮೇಡಂ ಕ್ಯಾಪ್ಸೂಲನ್ನು ನಾಲಗೆಯ ಮೇಲಿಟ್ಟುಕೊಂಡು, ಲೋಟ ತಾವೇ ಹಿಡಿದು, ನುಂಗಿದರು. ಬಾಯಿ ತೆರೆದು ಅತ್ತೆಗೆ ತೋರಿಸಿದರು. ನಂತರ ಎಡಗೈಯ ಎರಡು ಬೆರಳುಗಳನ್ನು ಬಾಗಿಲಿನ ಕಡೆ ಚಿಮ್ಮಿದರು.

ಅಜ್ಜಿ ಕುತ್ತಿಗೆ ಉದ್ದ ಮಾಡಿ ಬಾಗಿಲು ನೋಡಿದರು. "ಯಾರ ಬಂದಾರ?"

ಯಾರೂ ಬಂದಿರಲಿಲ್ಲ. ನಾನು ಎದ್ದು, ಸ್ಟೂಲನ್ನು ಮುಂದಿನವರಿಗಾಗಿ ಸರಿಯಾಗಿ ಇಟ್ಟು, ಹೊರಗೆ ಬಂದು, ಸಿಂಧನೂರಿನ ಬಸ್ಸು ಹತ್ತಿದೆ.